ವಿಳಂಬ ಮೀಮಾಂಸೆ

‘ಸಂಜೆ 6 ಗಂಟೆಗೆ ಸರಿಯಾಗಿ’ ಎಂದು ಅಚ್ಚಾದ ಆಮಂತ್ರಣ ಪತ್ರಿಕೆ ಹಿಡಿದು ಬೆಂಗಳೂರಿನ ಸಭಿಕ 6.20ಕ್ಕೆ ಸಭಾಂಗಣ ಹೊಕ್ಕರೆ ಅದು ತಡವೇ? ತಡವೇ, ಎನ್ನುತ್ತದೆ ಪೂರ್ವಪಕ್ಷ. ಗೋಡೆ ಗಡಿಯಾರವೊಂದೇ ಅದಕ್ಕೆ ಪ್ರಮಾಣ.

ಸಿದ್ಧಾಂತಿಗಳು ಒಪ್ಪುವುದಿಲ್ಲ. ಭಾರತೀಯ ಕಾಲಮಾನ ನಿಂತಿರುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಬೆಂಗಳೂರು ಇರುವುದು 77.6ರಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಗುಣಿಸಿದರೆ ಹೆಚ್ಚೂಕಡಿಮೆ 20 ನಿಮಿಷ. ಅಂದರೆ ಗಡಿಯಾರ 6.20 ತೋರಿಸುವಾಗ ಬೆಂಗಳೂರಿನ ಸೂರ್ಯನಿಗೆ ಆಗಷ್ಟೇ 6. ಸಭಿಕ ಬಂದದ್ದು ಸರಿಯಾದ ಹೊತ್ತಿಗೇ. ಅವಸರ ಮಾಡಿದ್ದು ಗಡಿಯಾರ. ಮಂಗಳೂರಿನವರಿಗಂತೂ ಅರ್ಧ ಗಂಟೆಯ ಹಕ್ಕಿದೆ. ಪೂರ್ವನಿದರ್ಶನವೂ ಉಂಟು: 1906ರಲ್ಲಿ ದೇಶಕ್ಕೆಲ್ಲ ಒಂದೇ ಕಾಲಮಾನ ಬಂದ ಮೇಲೂ ಮುಂಬಯಿ, 39 ನಿಮಿಷ ಹಿಂದಿದ್ದ ತನ್ನ ಗಡಿಯಾರವನ್ನು ದಶಕಗಳವರೆಗೆ ಬಿಟ್ಟುಕೊಡಲಿಲ್ಲ.

ಭಾನುವಾರದ ಸಭೆಗೆ ಆಧಾರ ಇನ್ನೂ ಗಟ್ಟಿ. ರಾಹುಕಾಲವೆಂದರೆ ಹಗಲಿನ ಎಂಟನೇ ಒಂದು ಪಾಲು. ಭಾನುವಾರ ಅದು ಕೊನೆಯ ಪಾಲು. ಕ್ಯಾಲೆಂಡರಿನಲ್ಲಿ 4.30ರಿಂದ 6 ಎಂದಿದ್ದರೂ ಲೆಕ್ಕದ ಪ್ರಕಾರ ಅದು ಮುಗಿಯಬೇಕಾದ್ದು ಸೂರ್ಯ ಮುಳುಗಿದಾಗ. ಜುಲೈನಲ್ಲಿ ಬೆಂಗಳೂರಿನ ಸೂರ್ಯ ಮುಳುಗುವುದು 6.45 ದಾಟಿದ ಮೇಲೆ. 6ಕ್ಕೇ ದೀಪ ಬೆಳಗಲು ಹೊರಟ ಸಂಘಟಕರನ್ನು ಕಾಪಾಡಿದವರು ತಡವಾಗಿ ಬಂದವರೇ!

ಇಲ್ಲೊಂದು ಆಕ್ಷೇಪ. ನವೆಂಬರ್ ಮೊದಲ ವಾರ ಸೂರ್ಯನೇ ಸರಾಸರಿಗಿಂತ 16 ನಿಮಿಷ ಮುಂದಿರುತ್ತಾನೆ. ಸಭಿಕನಿಗೆ ಉಳಿಯುವುದು ಬರೀ 4. ರಾಜ್ಯೋತ್ಸವದ ಸಭೆಗಳು ಸಾಲುಗಟ್ಟುವ ತಿಂಗಳಲ್ಲೇ ಈ ಅನ್ಯಾಯ. ಸಮಾಧಾನವೇನೆಂದರೆ, ಫೆಬ್ರವರಿ ನಡುವೆ ಅವನೇ 14 ನಿಮಿಷ ಹಿಂದೆ ಬಿದ್ದು 34 ಕೊಡುತ್ತಾನೆ. ಬಾಕಿ ಚುಕ್ತಾ.

ಮುಖ್ಯ ಅತಿಥಿಗಳದು ಬೇರೆಯದೇ ಅಧ್ಯಾಯ. ಅವರು ದಯಮಾಡಿಸುವುದು 7.15ಕ್ಕೆ. 75 ನಿಮಿಷಕ್ಕೆ 18.75 ಡಿಗ್ರಿ, 82.5ರಲ್ಲಿ ಕಳೆದರೆ 63.75. ನಕ್ಷೆಯಲ್ಲಿ ಬೆಂಗಳೂರಿನಿಂದ ನೇರ ಪಶ್ಚಿಮಕ್ಕೆ ಬೆರಳು ಸರಿಸಿದರೆ ಅದು ನಿಲ್ಲುವುದು ಅರಬ್ಬೀ ಸಮುದ್ರದ ನಟ್ಟನಡುವೆ. ಕಾರ್ಯದರ್ಶಿ ಫೋನ್ ಮಾಡಿದರೆ ಅಲ್ಲಿಂದಲೇ, “ಇಲ್ಲೇ ಹತ್ರ ಇದ್ದೀನಿ ಸಾರ್, ಐದೇ ನಿಮಿಷ” ಎನ್ನುತ್ತಾರೆ. ಆ ಐದು ನಿಮಿಷದಲ್ಲಿ ಪ್ರಾರ್ಥನೆ ಹಾಡಿದ ಹುಡುಗಿಯಿಂದ ಇನ್ನೂ ಮೂರು ಭಾವಗೀತೆ ಹಾಡಿಸುತ್ತಾರೆ. ಮೈಕಿನವನು ‘ಹಲೋ, ಚೆಕ್, ಚೆಕ್’ ಎಂದು ಎರಡು ಸುತ್ತು ಮುಗಿಸುತ್ತಾನೆ. ನಿರೂಪಕಿ ವೇದಿಕೆಯ ಮೇಲಿನ ಖಾಲಿ ಕುರ್ಚಿಯ ಸಾಧನೆಗಳನ್ನು ಪರಿಚಯಿಸುತ್ತಾರೆ. ಕಾಲದ ಸದುಪಯೋಗವೆಂದು ಶಾಸ್ತ್ರ ಹೇಳುವುದು ಇದನ್ನೇ. ಹಿಂದಿನ ಸಾಲಿನ ಅನುಭವಿಗಳಂತೂ ಅಷ್ಟರಲ್ಲಿ, ಸಭೆ ಮುಗಿದ ಮೇಲೆ ಕೊಡಲೆಂದು ತಂದಿಟ್ಟ ಉಪ್ಪಿಟ್ಟು, ಕಾಫಿ ಮುಗಿಸಿ ಕೈ ತೊಳೆದಿರುತ್ತಾರೆ.