ನಮ್ಮಕ್ಕನ ಮಗನ ನೋಟಬಿಲಿಟಿ

ಅಕ್ಕನ ಮನೆಯ ಚಿತ್ರಾನ್ನದಲ್ಲಿ ಗೋಡಂಬಿ ಕಂಡಿತೆಂದರೆ ನನ್ನಿಂದ ಏನೋ ಕೆಲಸ ಆಗಬೇಕಿದೆ ಎಂದೇ ಅರ್ಥ. ಸುಮ್ಮಸುಮ್ಮನೆ ಗೋಡಂಬಿ ಹಾಕುವ ಕೈ ಅಲ್ಲ ಅದು. ಕಳೆದ ಭಾನುವಾರ ಒಂದಲ್ಲ, ಆರು ಗೋಡಂಬಿ ಸಿಕ್ಕವು. ಆರನೆಯದನ್ನು ಅಗಿಯುವಾಗ ವಿಷಯ ಹೊರಬಿತ್ತು.

"ಅಲ್ಲೋ, ನೀನು ಅಲ್ಲಿ ಇಲ್ಲಿ ಬರೀತಿರ್ತೀಯಲ್ಲ, ಇವನದೊಂದು ವಿಕಿಪೀಡಿಯ ಮಾಡಿಕೊಡೋ."

ಆಧಾರ್ ಮಾಡಿಸು, ಪ್ಯಾನ್ ಮಾಡಿಸು ಅನ್ನುವ ಧಾಟಿಯಲ್ಲೇ ಅಂದಳು. ಆಗಿದ್ದಿಷ್ಟು. ಮಗನಿಗೆ ಹೆಣ್ಣು ನೋಡುತ್ತಿದ್ದಾರೆ. ಹುಡುಗಿಯ ಕಡೆಯವರು ಜಾತಕ ಕೇಳಲಿಲ್ಲವಂತೆ; ಹುಡುಗನ ಹೆಸರನ್ನು ಗೂಗಲ್ಲಿಗೆ ಹಾಕಿ ನೋಡಿದರಂತೆ. ಅಲ್ಲಿ ಅದೇ ಹೆಸರಿನ ಒಬ್ಬ ಮಾಜಿ ಶಾಸಕರು ಬಂದು ಕೂತಿದ್ದರಂತೆ, ವಿಕಿಪೀಡಿಯದ ಪುಟದ ಸಮೇತ. ನಮ್ಮ ಹುಡುಗ ಎರಡನೇ ಪುಟದಲ್ಲೂ ಇರಲಿಲ್ಲ.

ಹಾಗಂತ ಹುಡುಗ ಏನೂ ಮಾಡಿಲ್ಲ ಅಂತಲ್ಲ. ನಾಲ್ಕು ಚೌಕದ ಕಾಮಿಕ್ಸ್ ಬರೆಯುತ್ತಾನೆ. ಟಿಕೆಟ್ ಹಿಂದೆ ಚಿಲ್ಲರೆ ಬರೆದುಕೊಟ್ಟು, ಇಳಿಯುವ ಹೊತ್ತಿಗೆ ಬಸ್ಸಿನ ಆಚೆ ತುದಿಗೆ ಹೋಗಿಬಿಡುವ ಒಬ್ಬ ಕಂಡಕ್ಟರನ ಕಥೆ. ಆರು ವರ್ಷದಿಂದ ವಾರಕ್ಕೊಂದು, ತಪ್ಪಿಲ್ಲ. ಪ್ರಕಾಶಕರಿಲ್ಲ, ಸಂಬಳವಿಲ್ಲ. ತಾನೇ ಝೆರಾಕ್ಸ್ ಮಾಡಿಸಿ, ಸ್ಟೇಪಲ್ ಹೊಡೆದು, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಕೂತು ಮಾರುತ್ತಾನೆ. ಇನ್‌ಸ್ಟಾಗ್ರಾಮಿನಲ್ಲಿ 40 ಸಾವಿರ ಜನ ಹಿಂಬಾಲಿಸುತ್ತಾರೆ. ಇಷ್ಟು ಜನ ನನ್ನನ್ನು ಹಿಂಬಾಲಿಸಿದ್ದರೆ ನಾನು ಪೊಲೀಸ್ ಠಾಣೆಗೆ ಓಡುತ್ತಿದ್ದೆ.

"ಅಕ್ಕ, ಅದಕ್ಕೆ ನೋಟಬಿಲಿಟಿ ಅಂತ ಬೇಕು."

"ನೋಟಿನ ಎಬಿಲಿಟಿ ತಾನೇ? ಎಷ್ಟಾಗತ್ತೆ, ಹೇಳು."

ನೋಟು ಅಲ್ಲ, ನೋಟ ಎಂದು ಬಿಡಿಸಿ ಹೇಳಿದೆ. ಯಾರಾದರೂ ನೋಡಿರಬೇಕು, ನೋಡಿದ್ದನ್ನು ಬರೆದಿರಬೇಕು. ಬರೆದವರು ಸಂಬಂಧಿಕರಾಗಿರಬಾರದು, ಕಾಸು ಪಡೆದಿರಬಾರದು. ಬರೆದದ್ದು ಸಂಪಾದಕರು ಇರುವ, ನಂಬುವಂಥ ಕಡೆ ಅಚ್ಚಾಗಿರಬೇಕು. ಹೆಸರು ಬಂದುಹೋದರೆ ಸಾಲದು, ವಿವರವಾಗಿ ಇರಬೇಕು. ಅದೂ ಒಬ್ಬರೇ ಬರೆದರೆ ಆಗದು.

"40 ಸಾವಿರ ಫಾಲೋವರ್ಸ್ ಇದ್ದಾರಲ್ಲ ಮಾವ?" ಅಂದ ಅಳಿಯ.

"ಅವರು ನೋಡಿದ್ದಾರೆ, ಬರೆದಿಲ್ಲ. ಹೃದಯದ ಚಿಹ್ನೆ ಒತ್ತಿದ್ದಾರೆ."

"ಒಂದು ಇಂಟರ್‌ವ್ಯೂ ಬಂದಿತ್ತು."

"ಅದು ನಿನ್ನ ಬಗ್ಗೆ ನೀನೇ ಹೇಳಿದ್ದು. ಅದನ್ನು ಲೆಕ್ಕಕ್ಕೆ ಹಿಡಿಯೋದು ಕಷ್ಟ."

ಅಕ್ಕನಿಗೆ ರೇಗಿತು. "ಇವನ ವಿಷಯ ಇವನಿಗಿಂತ ಚೆನ್ನಾಗಿ ಬೇರೆ ಯಾರಿಗೋ ಗೊತ್ತು?"

ಇದೇ ಪ್ರಶ್ನೆಯನ್ನು ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ 2012ರಲ್ಲಿ ಕೇಳಿದ್ದರು. 'ದಿ ಹ್ಯೂಮನ್ ಸ್ಟೇನ್' ಅವರದೇ ಕಾದಂಬರಿ. ಅದಕ್ಕೆ ಪ್ರೇರಣೆ ಯಾರು ಎಂಬುದನ್ನು ವಿಕಿಪೀಡಿಯ ತಪ್ಪು ಬರೆದಿದೆ, ತಿದ್ದಿ ಎಂದರು. ಬರೆದವರೇ ನೀವು, ಒಪ್ಪಿದೆವು; ಆದರೆ ಬೇರೆಯವರು ಎಲ್ಲಾದರೂ ಬರೆದ ಆಧಾರ ಬೇಕಲ್ಲ ಎಂದು ಉತ್ತರ ಬಂತು. ರಾತ್ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಉದ್ದನೆಯ ಬಹಿರಂಗ ಪತ್ರ ಬರೆದರು. ಆಗ ಆಧಾರ ಸಿಕ್ಕಿತು! ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತೇವೆ ನಾವು. ಬೇಕು ಎನ್ನುತ್ತದೆ ವಿಕಿಪೀಡಿಯ, ಕನ್ನಡಿ ಪಕ್ಕದ ಮನೆಯದೇ ಆಗಿರಬೇಕು ಎಂದೂ ಸೇರಿಸುತ್ತದೆ.

ನಗು ಬಂದರೂ ನಿಯಮದಲ್ಲಿ ಹುರುಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆತ್ತವರೆಲ್ಲ ತಂತಮ್ಮ ಹೆಗ್ಗಣದ ಬಗ್ಗೆ ತಾವೇ ಬರೆಯುತ್ತ ಕೂತರೆ ವಿಶ್ವಕೋಶ ಹೋಗಿ ಮದುವೆ ಬ್ಯೂರೋ ಆದೀತು. ಅಕ್ಕ ಕೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ.

ಅಳಿಯನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ನಮ್ಮ ಅಜ್ಜನ ಊರನ್ನೇ ತೆಗೆದುಕೊಳ್ಳಿ. ಸರ್ಕಾರದ ದಾಖಲೆಯಲ್ಲಿ ಗ್ರಾಮ ಎಂದಿದ್ದರೆ ಸಾಕು, ಪುಟಕ್ಕೆ ಅರ್ಹತೆ ಬಂದ ಹಾಗೇ. ಒಂದು ಸಲ ಶಾಸಕರಾಗಿ ವಿಧಾನಸೌಧದಲ್ಲಿ ಐದು ವರ್ಷ ಬಾಯಿಬಿಡದೆ ಕೂತು ಬಂದವರಿಗೂ ಅರ್ಹತೆ ಇದೆ. ರಣಜಿಯಲ್ಲಿ ಒಂದೇ ಪಂದ್ಯ ಆಡಿ ಸೊನ್ನೆ ಹೊಡೆದವರಿಗೂ ಬಹುಕಾಲ ಅದೇ ಮರ್ಯಾದೆ ಇತ್ತು. ಈಚೆಗೆ ಬಿಗಿ ಮಾಡಿದ್ದಾರೆ. ಆರು ವರ್ಷ ವಾರಕ್ಕೊಂದು ಕಾಮಿಕ್ಸ್ ಬರೆದವನಿಗೆ ಮಾತ್ರ ಬಾಗಿಲಲ್ಲೇ ತಡೆ.

ಕಾಮಿಕ್ಸಿನವರಿಗೂ ವಿಕಿಪೀಡಿಯಕ್ಕೂ ಹಳೇ ಜಗಳ. 2007ರ ಸುಮಾರಿಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ವೆಬ್‌ಕಾಮಿಕ್ಸಿನ ಪುಟಗಳು ಸಾಲಾಗಿ ಉರುಳತೊಡಗಿದವು. ಆಗ 'ಸ್ಟಾರ್‌ಸ್ಲಿಪ್ ಕ್ರೈಸಿಸ್' ಬರೆಯುತ್ತಿದ್ದ ಕ್ರಿಸ್ಟೋಫರ್ ಸ್ಟ್ರಾಬ್ ಒಂದು ಕಿತಾಪತಿ ಮಾಡಿದ. ಮುಸುಕು ಹಾಕಿಕೊಂಡು ಹೋಗಿ ತನ್ನದೇ ಕಾಮಿಕ್ಸಿನ ಪುಟ ಅಳಿಸಬೇಕೆಂದು ತಾನೇ ಅರ್ಜಿ ಕೊಟ್ಟ. ಅಳಿಸಿಯೇಬಿಟ್ಟರು! ಆಮೇಲೆ ಮುಸುಕು ತೆಗೆದು, ನಾನೇ ಎಂದ.

ಸಣ್ಣವರ ಪಾಡು ಹೀಗೆ, ದೊಡ್ಡವರಿಗೆ ತೊಂದರೆಯಿಲ್ಲ ಎಂದುಕೊಂಡಿರಾ? ಅದೇ 2007ರಲ್ಲಿ ದಕ್ಷಿಣ ಆಫ್ರಿಕದ ಗುಗುಲೆತುವಿನಲ್ಲಿದ್ದ 'ಮ್ಜೋಲಿಸ್' ಎಂಬ ಮಾಂಸದಂಗಡಿಯ ಬಗ್ಗೆ ಒಬ್ಬರು ಒಂದು ಸಾಲಿನ ಪುಟ ಮಾಡಿದರು. ಅರ್ಧ ಗಂಟೆಯೊಳಗೆ ಯಾರೋ ಅದನ್ನು ಕಿತ್ತುಹಾಕಿದರು. ಪುಟ ಮಾಡಿದವರ ಹೆಸರು ಜಿಮ್ಮಿ ವೇಲ್ಸ್, ವಿಕಿಪೀಡಿಯವನ್ನು ಹುಟ್ಟುಹಾಕಿದವರಲ್ಲಿ ಒಬ್ಬರು. ತಾನು ಕಟ್ಟಿಸಿದ ಛತ್ರದಲ್ಲಿ ತನಗೇ ರೂಮಿಲ್ಲ! ದೊಡ್ಡ ಚರ್ಚೆಯಾಗಿ ಕೊನೆಗೆ ಪುಟ ಉಳಿಯಿತು, ಅನ್ನಿ.

ಇನ್ನು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಕಥೆ. ಕೆನಡಾದ ಲೇಸರ್ ವಿಜ್ಞಾನಿ. 2018ರ ಮೇ ತಿಂಗಳಲ್ಲಿ ಅವರ ಕುರಿತ ಕರಡನ್ನು ಆಧಾರ ಸಾಲದು ಎಂದು ವಾಪಸು ಕಳಿಸಿದರು. ಅಕ್ಟೋಬರ್ 2ರಂದು ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಮೇರಿ ಕ್ಯೂರಿ, ಮರಿಯಾ ಗೋಪರ್ಟ್ ಮೇಯರ್ ಆದ ಮೇಲೆ ಆ ಬಹುಮಾನ ಪಡೆದ ಮೂರನೇ ಹೆಂಗಸು. ಅವತ್ತು ಗಡಿಬಿಡಿಯಲ್ಲಿ ಪುಟ ಎದ್ದಿತು. ಅವರ ಜೊತೆ ಬಹುಮಾನ ಹಂಚಿಕೊಂಡ, ಅವರ ಗುರುವೇ ಆಗಿದ್ದ ಜೆರಾರ್ ಮೂರುಗೆ ಪುಟ ಮೊದಲೇ ಇತ್ತು. ಬಾಗಿಲು ಕಾಯುವವರು, ಪತ್ರಿಕೆಗಳು ಆಕೆಯ ಬಗ್ಗೆ ಬರೆದಿರಲಿಲ್ಲ, ನಾವೇನು ಮಾಡೋಣ ಎಂದರು. ಆ ಮಾತೂ ಸುಳ್ಳಲ್ಲ. ಕನ್ನಡಿ ಹಿಡಿಯುವವರು ಯಾರ ಮುಖಕ್ಕೆ ಹಿಡಿಯುತ್ತ ಬಂದಿದ್ದಾರೋ ಪುಟವೂ ಅವರದೇ.

ಹೀಗೆ ನಿಜ ಮನುಷ್ಯರು ಹೊರಗೆ ನಿಂತಿದ್ದಾಗ ಒಳಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದವರು ಯಾರು ಗೊತ್ತೆ? ನಮ್ಮ ಪಕ್ಕದ ಗೋವಾದ 'ಬಿಚೋಲಿಂ ಯುದ್ಧ'. ಹದಿನೇಳನೇ ಶತಮಾನದಲ್ಲಿ ಪೋರ್ಚುಗೀಸರಿಗೂ ಮರಾಠರಿಗೂ ನಡೆದದ್ದು. ವಿಸ್ತಾರವಾದ ಪುಟ, ಕೆಳಗೆ ಆಧಾರಗಳ ಸಾಲು, ಮೇಲೆ 'ಉತ್ತಮ ಲೇಖನ' ಎಂಬ ಬಿರುದು. 2007ರಿಂದ 2012ರವರೆಗೆ ಅಲುಗಾಡದೆ ಇತ್ತು. ಕೊನೆಗೆ ಒಬ್ಬರು ಕೆದಕಿದರೆ ಯುದ್ಧ ನಡೆದೇ ಇರಲಿಲ್ಲ! ಹೇಳಿದ ಪುಸ್ತಕಗಳೂ ಇರಲಿಲ್ಲ. ಸುಳ್ಳು ಹೇಳುವವನು ಆಧಾರ ಸಮೇತ ಹೇಳುತ್ತಾನೆ, ನಿಜ ಹೇಳುವವನು ನಾನಿದ್ದೀನಲ್ಲ, ನೋಡಿ ಅನ್ನುತ್ತಾನೆ. ಪಾಪ.

ಇಷ್ಟು ಹೇಳುವಷ್ಟರಲ್ಲಿ ಅಳಿಯ ಮೊಬೈಲ್ ತೆಗೆದು ಒಂದು ವಾಟ್ಸ್ಯಾಪ್ ಸಂದೇಶ ತೋರಿಸಿದ. ಯಾರೋ ಒಬ್ಬ ಏಜೆಂಟ್. ಒಟ್ಟು 35 ಸಾವಿರ, ಜಿಎಸ್‌ಟಿ ಬೇರೆ. ಮೊದಲು ನಾಲ್ಕು ವೆಬ್‌ಸೈಟಿನಲ್ಲಿ ನಿಮ್ಮ ಸುದ್ದಿ ಹಾಕಿಸುತ್ತೇವೆ ಸರ್, ಆಮೇಲೆ ಅದನ್ನೇ ಆಧಾರವೆಂದು ತೋರಿಸಿ ಪುಟ ಮಾಡುತ್ತೇವೆ.

"ನಾನು ಹೇಳಲಿಲ್ವ, ನೋಟಿನ ಎಬಿಲಿಟಿ ಅಂತ!" ಅಕ್ಕ ಗೆದ್ದಳು.

ಗೆದ್ದಳೋ ಇಲ್ಲವೋ, ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಇಂಥದೇ ಒಂದು ಗುಂಪನ್ನು ಹಿಡಿದು 381 ಖಾತೆಗಳಿಗೆ ಬೀಗ ಹಾಕಿತು. ಯಾರ ಕರಡು ತಿರಸ್ಕಾರವಾಗಿದೆ ಎಂದು ನೋಡಿಕೊಂಡು, ಸಣ್ಣ ವ್ಯಾಪಾರಿ, ಕಲಾವಿದರ ಬಾಗಿಲಿಗೆ ಹೋಗಿ, ದುಡ್ಡು ಕೊಟ್ಟರೆ ಪುಟ ಮಾಡಿಸುತ್ತೇವೆ ಎನ್ನುವುದು. ಪುಟ ಆದ ಮೇಲೆ ಅದು ಅಳಿಯದಂತೆ ಕಾಯಲು ತಿಂಗಳು ತಿಂಗಳು ಮಾಮೂಲಿ. ಮಾರುಕಟ್ಟೆಯಲ್ಲಿ ತಳ್ಳುಗಾಡಿಯವರ ಹತ್ತಿರ ಎತ್ತುವ ಹಾಗೆ. ಕಾಸು ಪಡೆದು ಬರೆಯುವವರು ಅದನ್ನು ಬಾಯಿಬಿಟ್ಟು ಹೇಳಲೇಬೇಕೆಂಬ ನಿಯಮ 2014ರಿಂದ ಇದೆ. ನಮ್ಮ ಏಜೆಂಟು ಅದನ್ನು ಬಾಯಿಬಿಡಲಿಲ್ಲ.

"ಇಂಗ್ಲಿಷ್ ಬೇಡ ಮಾವ, ಕನ್ನಡ ವಿಕಿಪೀಡಿಯಕ್ಕೆ ಹಾಕೋಣ. ನಮ್ಮವರು ತಾನೇ?"

ನಮ್ಮವರೇ. 2003ರಿಂದ ಇದೆ, 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಸಂಪಾದಕರು ಕೂಡಿ ಮಾತಾಡುವ ಪುಟಕ್ಕೆ 'ಅರಳಿ ಕಟ್ಟೆ' ಎಂದು ಹೆಸರಿಟ್ಟಿದ್ದಾರೆ; ಆ ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಕಟ್ಟೆ ನಮ್ಮದಾದರೂ ಅಲ್ಲೂ ಕೇಳುವುದು ಆಧಾರವನ್ನೇ. ತೊಡಕು ಇರುವುದು ಇಲ್ಲಿ. ಕನ್ನಡದಲ್ಲಿ ಕಾಮಿಕ್ಸಿನ ವಿಮರ್ಶೆ ಯಾರು ಬರೆಯುತ್ತಾರೆ? ಪಾಡ್‌ಕಾಸ್ಟಿನದು? ಊರೂರು ಅಲೆದು ಹಾಡು ಸಂಗ್ರಹಿಸಿ ಯೂಟ್ಯೂಬಿಗೆ ಹಾಕುವವರದು? ಪುಸ್ತಕದ ವಿಮರ್ಶೆಯೇ 'ಸ್ವೀಕಾರ' ಎಂಬ ಪಟ್ಟಿಯಲ್ಲಿ ಹೆಸರು, ಬೆಲೆ, ಪುಟಸಂಖ್ಯೆಗೆ ಇಳಿದಿದೆ. ನಾವು ಬಿಡುಗಡೆ ಸಮಾರಂಭಕ್ಕೆ ಹೋಗುತ್ತೇವೆ, ಉಪ್ಪಿಟ್ಟು ತಿನ್ನುತ್ತೇವೆ, ಬಹಳ ಚೆನ್ನಾಗಿದೆ ಅನ್ನುತ್ತೇವೆ. ಉಪ್ಪಿಟ್ಟೋ ಪುಸ್ತಕವೋ ಎಂಬುದನ್ನೂ ಬರೆದಿಡುವುದಿಲ್ಲ. ಬರೆಯದೆ ಕೂತವರು ನಾವು, ಬೈಸಿಕೊಳ್ಳುವವರು ವಿಕಿಪೀಡಿಯದವರು.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಚುರುಕು. ಮದ್ದೂರು ಬಳಿಯ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ಶಾಸನ ಸಿಕ್ಕಿತು. ಕಾಳಿ ಎಂಬ ನಾಯಿ ಹಂದಿಯ ಮೇಲೆ ಬಿದ್ದು ಹೋರಾಡಿ ಸತ್ತಿತು, ಅದರ ನೆನಪಿಗೆ ಮಣಲೇರ ಎಂಬವನು ಕಲ್ಲು ನಿಲ್ಲಿಸಿದ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ವಿಕಿಪೀಡಿಯದ ಲೆಕ್ಕದಲ್ಲಿ ಆ ಕಲ್ಲು ಆಧಾರ ಆಗುವುದಿಲ್ಲ, ನಿಲ್ಲಿಸಿದವನು ನಾಯಿಯ ಯಜಮಾನ! ಆಮೇಲೆ ಶಾಸನತಜ್ಞರು ಅದರ ಮೇಲೆ ಪ್ರಬಂಧ ಬರೆದರು ನೋಡಿ, ಹಾಗಾಗಿ ನಾಯಿ ಪಾಸು. ನಂದಳಿಕೆಯ ಮುದ್ದಣನಂತೂ ಎಲ್ಲರಿಗಿಂತ ಜಾಣ. ತಾನು ಬರೆದದ್ದನ್ನು ಯಾವನೋ ಹಳೇ ಕವಿಯದೆಂದು ಹೇಳಿ ಅಚ್ಚಿಗೆ ಕಳಿಸಿ, 1901ರಲ್ಲಿ ತೀರಿಕೊಂಡ. ಸ್ವಂತ ಪ್ರಚಾರ ಎಂದು ಯಾರಾದರೂ ಬೆರಳು ತೋರಿಸಲಿ, ನೋಡೋಣ.

"ಹಾಗಾದರೆ ನಾನು ಸಾಯೋವರೆಗೂ ಕಾಯಬೇಕಾ ಮಾವ?"

"ಛೆ, ಮದುವೆ ಮಾತಾಡುವಾಗ ಇದೇನೋ ಅಪಶಕುನ," ಎಂದು ಅಕ್ಕ ತಟ್ಟೆ ಎತ್ತಿಕೊಂಡು ಹೋದಳು. ಎರಡನೇ ಸಲ ಬಡಿಸಿದ್ದರಲ್ಲಿ ಗೋಡಂಬಿ ಇರಲಿಲ್ಲ, ಕಡಲೆಬೇಳೆ ಇತ್ತು.

ಓದುಗರಲ್ಲಿ ಒಂದು ಕೋರಿಕೆ. ಈ ಹರಟೆ ಆಧಾರಕ್ಕೆ ಬರುವುದಿಲ್ಲ, ನಾನು ಸೋದರಮಾವ. ನಿಮ್ಮ ಊರಲ್ಲಿ, ನಿಮ್ಮ ಮೊಬೈಲಿನಲ್ಲಿ ಇಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಅವರು ಮಾಡಿದ್ದನ್ನು ಪೂರ್ತಿ ನೋಡಿ, ಎರಡು ಪುಟ ಬರೆದು ಯಾವುದಾದರೂ ಪತ್ರಿಕೆಗೆ ಕಳಿಸಿ. ಹೊಗಳಲೇಬೇಕೆಂದಿಲ್ಲ, ಬೈದು ಬರೆದರೂ ನಡೆಯುತ್ತದೆ. ನಮ್ಮ ಹುಡುಗನ ಬಗ್ಗೆ ಬರೆಯುವುದಾದರೆ ಇನ್ನೂ ಸಂತೋಷ; ನಮ್ಮ ಕಡೆಯ ಸಂಬಂಧಿಕರು ಮಾತ್ರ ದಯವಿಟ್ಟು ಬರೆಯಬೇಡಿ.