ವಿಟಮಿನ್ ಮೇಷ್ಟ್ರು

ಆಯನೂರಿನಲ್ಲಿ ಸಾಗರದ ಬಸ್ಸಿಗೆ ಕಾಯುವಾಗ ಕೆಮ್ಮಬಾರದು. ಕೆಮ್ಮಿದರೆ ಮೇಷ್ಟ್ರು ಪ್ರತ್ಯಕ್ಷ. ಜುಬ್ಬದ ಎಡಜೇಬಿನಲ್ಲಿ ಎಲೆಅಡಿಕೆ, ಬಲಜೇಬಿನಲ್ಲಿ ಮಾತ್ರೆ. "ಬಾಯಿ ತೆಗಿ ಮಾರಾಯ, ನಿಂಗೆ ಸಿ ಕಮ್ಮಿಯಾಗಿದೆ" ಎಂದು ಕಿತ್ತಳೆ ಬಣ್ಣದ್ದೊಂದನ್ನು ನಾಲಿಗೆ ಮೇಲೆ ಇಟ್ಟೇಬಿಡುತ್ತಾರೆ. ಊರಿನ ಅರ್ಧ ಜನ ಅವರ ಶಿಷ್ಯರು. ನಿವೃತ್ತರಾದ ಮೇಲೂ ಅವರು ಬಾಯಿ ತೆಗಿ ಎಂದರೆ ನಾವು ತೆಗೆಯುತ್ತೇವೆ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಕೂದಲು ಉದುರಿತೇ, ಬಯೋಟಿನ್. ಕಾಲು ಜೋಮು ಹಿಡಿಯಿತೇ, ಬಿ6. ಅದೇ ಬಿ6 ಅನ್ನು ಅತಿಯಾಗಿ ತಿಂಗಳುಗಟ್ಟಲೆ ನುಂಗಿದರೆ ನರಕ್ಕೆ ಪೆಟ್ಟಾಗಿ ಜೋಮು ಹಿಡಿಯುತ್ತದೆ, ಬಯೋಟಿನ್ ನುಂಗಿ ಥೈರಾಯ್ಡ್ ಪರೀಕ್ಷೆಗೆ ಹೋದರೆ ರಿಪೋರ್ಟೇ ತಪ್ಪು ಬರಬಹುದು ಎಂದರೆ ಅವರ ಕಿವಿಗೆ ಬೀಳುವುದಿಲ್ಲ. ನನಗೊಮ್ಮೆ ಬಿ ಕಾಂಪ್ಲೆಕ್ಸ್ ತಿನ್ನಿಸಿದರು. ಮರುದಿನ ಮೂತ್ರ ಅರಿಶಿನದ ನೀರು. ಕಾಮಾಲೆ ಎಂದು ಗಾಬರಿಯಾದ ನನ್ನ ಹೆಂಡತಿ ನೆಲನೆಲ್ಲಿ ಅರೆದು ಕುಡಿಸಿದಳು. ಹೆಚ್ಚಾದ ಬಿ2 ಅನ್ನು ದೇಹ ಹಾಗೆ ಹೊರಗೆ ಹಾಕುತ್ತದೆ, ಅಷ್ಟೇ. ಆದರೆ ಹೆಂಡತಿಗೂ ಮೇಷ್ಟ್ರಿಗೂ ಎದುರಾಡುವ ವಿಟಮಿನ್ ನನ್ನಲ್ಲಿ ಮೊದಲಿನಿಂದಲೂ ಕಮ್ಮಿ.

ವಾದಕ್ಕೆ ನಿಂತರೆ ಅವರು ಲೈನಸ್ ಪೌಲಿಂಗ್‌ನನ್ನು ಕರೆತರುತ್ತಾರೆ. "ಎರಡು ನೊಬೆಲ್ ತಗೊಂಡವನು ದಿನಾ ಗ್ರಾಂಗಟ್ಟಲೆ ಸಿ ತಿಂದು 93 ವರ್ಷ ಬದುಕಿದ. ನೀನೇನು ಅವನಿಗಿಂತ ಜಾಣನಾ?" ಅಲ್ಲ. ಆದರೆ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಸಾಕು ಎನ್ನುತ್ತದೆ ಐಸಿಎಂಆರ್. ಅದು ಒಂದೆರಡು ಬೆಟ್ಟದ ನೆಲ್ಲಿಕಾಯಿಯ ಮಾತು. 2000 ದಾಟಿದರೆ ಹೊಟ್ಟೆ ಕೆಡುತ್ತದೆ, ಕೆಲವರಿಗೆ ಮೂತ್ರಪಿಂಡದಲ್ಲಿ ಕಲ್ಲೂ ಆಗುತ್ತದೆ.

ಮೇಷ್ಟ್ರು ಮಲಗಿದ್ದು ಮಾತ್ರ ಡಿ ದೆಸೆಯಿಂದ. ಮಂಡಿನೋವಿಗೆಂದು ಡಾಕ್ಟರು 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟಿದ್ದರು, ವಾರಕ್ಕೊಂದು. ಎರಡನೇ ವಾರಕ್ಕೇ ಮೇಷ್ಟ್ರಿಗೆ ಹುರುಪು ಬಂತು. ವಾರಕ್ಕೊಂದರಲ್ಲೇ ಇಷ್ಟಿದ್ದರೆ ದಿನಕ್ಕೊಂದರಲ್ಲಿ ಎಷ್ಟಿರಬೇಡ! ಜೊತೆಗೆ ಕ್ಯಾಲ್ಸಿಯಂ ಮಾತ್ರೆ. ಕೆಲವು ತಿಂಗಳಲ್ಲಿ ಬಾಯಾರಿಕೆ ಶುರುವಾಯಿತು, ಸಕ್ಕರೆ ಕಾಯಿಲೆ ಇರಬೇಕೆಂದು ಕ್ರೋಮಿಯಂ ನುಂಗಿದರು. ಮಲ ಕಟ್ಟಿತು, ಮೆಗ್ನೀಸಿಯಂ. ವಾಕರಿಕೆ ಬಂತು, ಜಿಂಕ್. ರಾತ್ರಿಯೆಲ್ಲ ಬಚ್ಚಲಿಗೆ ಓಡಾಡಿ ನಿದ್ದೆಗೆಟ್ಟಾಗ ಅದಕ್ಕೂ ಒಂದು ಡಬ್ಬ ಹುಡುಕಿದರು. ಕೊನೆಗೆ ಮಾತು ತೊದಲತೊಡಗಿದ ಮೇಲೆ ಮಗಳು ಶಿವಮೊಗ್ಗಕ್ಕೆ ಕರೆದೊಯ್ದಳು. ಏನೇನು ತಗೊಳ್ತೀರಿ ತೋರಿಸಿ ಎಂದಾಗ ಕೈಚೀಲ ಬೋರಲು ಹಾಕಿದರು, ಮೇಜು ತುಂಬಿತು. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು, ಮೂತ್ರಪಿಂಡ ಸೋತಿತ್ತು. ಸಿಯ ಹಾಗೆ ಡಿ ನೀರಿನಲ್ಲಿ ಹರಿದುಹೋಗುವುದಿಲ್ಲ, ಕೊಬ್ಬಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತದೆ. ಎ, ಇ, ಕೆ ಕೂಡ ಕೊಬ್ಬಿನ ನಂಟರೇ.

ಸರಿಯಾಗಿ ಬೈಯಬೇಕೆಂದೇ ಆಸ್ಪತ್ರೆಗೆ ಹೋಗಿದ್ದೆ. ಡ್ರಿಪ್ ಹಾಕಿಸಿಕೊಂಡು ಮಲಗಿದ್ದವರು ತಮ್ಮ ಮೊದಲ ಶಾಲೆಯ ಒಬ್ಬ ಹುಡುಗನ ಕಥೆ ತೆಗೆದರು. ಕಬಡ್ಡಿಯಲ್ಲಿ ಗಟ್ಟಿಗ, ಹೊತ್ತು ಮುಳುಗಿದರೆ ಗೆರೆ ಕಾಣದೆ ತಡವರಿಸುತ್ತಿದ್ದ. ಇರುಳುಗುರುಡು. 1970ರಲ್ಲಿ ಸರ್ಕಾರ ಶುರುಮಾಡಿದ ಯೋಜನೆಯಲ್ಲಿ ಸಣ್ಣ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ವಿಟಮಿನ್ ಕುಡಿಸುತ್ತಿದ್ದರು, ಒಂದು ಸಲಕ್ಕೆ ಎರಡು ಲಕ್ಷ ಯೂನಿಟ್. ಇವನ ವಯಸ್ಸು ಮೀರಿದ್ದರೂ ಮೇಷ್ಟ್ರು ಆಸ್ಪತ್ರೆಗೆ ಹೊತ್ತೊಯ್ದು ಕೊಡಿಸಿದರಂತೆ. ಕೆಲವೇ ದಿನದಲ್ಲಿ ಹುಡುಗ ಮಬ್ಬುಗತ್ತಲಲ್ಲಿ ಓಡಿಬಂದು ಇವರ ಕಾಲು ಹಿಡಿದು ಔಟ್ ಮಾಡಿದ. ಅದನ್ನು ಕಣ್ಣಾರೆ ಕಂಡ ಮನುಷ್ಯನಿಗೆ ಮಾತ್ರೆಯ ಮೇಲೆ ಭಕ್ತಿ ಹುಟ್ಟದೆ ಇನ್ನೇನು? ಎರಡು ಲಕ್ಷ ನೆನಪಿಟ್ಟುಕೊಂಡರು, ಆರು ತಿಂಗಳು ಮರೆತರು. ನನಗೆ ಬೈಯಲು ಬಾಯಿ ಬರಲಿಲ್ಲ.

ಈಗ ಗುಣವಾಗಿದ್ದಾರೆ, ಉಪದ್ರ ಇಮ್ಮಡಿಯಾಗಿದೆ. ಯಾರ ಕೈಯಲ್ಲಿ ಮಾತ್ರೆ ಕಂಡರೂ ಕಸಿದುಕೊಳ್ಳುತ್ತಾರೆ. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಬಸುರಿಯೊಬ್ಬಳ ಕೆಂಪು ಮಾತ್ರೆಯ ಹಾಳೆಗೇ ಕೈ ಹಾಕಿದರಂತೆ. ಪಕ್ಕದಲ್ಲಿದ್ದ ಆಶಾ ಕಾರ್ಯಕರ್ತೆಯೂ ಹಳೇ ಶಿಷ್ಯೆ. "ಮೇಷ್ಟ್ರೇ, ಅದು ಕಬ್ಬಿಣ, ಫೋಲಿಕ್ ಆಸಿಡ್ಡಿಂದು. ಅವಳು ತಿನ್ನಲೇಬೇಕು. ಕೊಡಿ ಇಲ್ಲಿ" ಎಂದು ಗದರಿದಳಂತೆ.

ಕೊಟ್ಟರಂತೆ. ಕೊಟ್ಟು, "ದಿನಕ್ಕೆ ಒಂದೇ ತಾನೇ?" ಎಂದರಂತೆ.

"ಅವಳಿಗೆ ಒಂದು. ನಿಮಗೆ ಅದೂ ಇಲ್ಲ."