ತೆಂಗುಸೀಮೆಯ ವಿದ್ಯುತ್ಕಾಂತೀಯ ಅತಿಸಂವೇದನೆ: ಒಂದು ನೋಂದಣಿಮೀಮಾಂಸೆ

ವಿದ್ಯುತ್ಕಾಂತೀಯ ಅತಿಸಂವೇದನೆ ಎಂದರೆ ಮೊಬೈಲ್ ಟವರು, ವೈಫೈ, ವಿದ್ಯುತ್ ತಂತಿ ಮುಂತಾದವುಗಳ ಅಲೆ ತಾಕಿದೊಡನೆ ತಲೆನೋವು, ನಿದ್ದೆಗೇಡು, ಚರ್ಮದ ಉರಿ, ಎದೆಬಡಿತ ಮೊದಲಾದ ಬಾಧೆಗಳು ತಮಗೆ ಉಂಟಾಗುತ್ತವೆಂದು ಕೆಲವರು ಹೇಳುವ ಸ್ಥಿತಿ. ಬಾಧೆ ನಿಜ, ಆದರೆ ಅದಕ್ಕೆ ಅಲೆಯೇ ಕಾರಣವೆನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯು 2005ರ ಡಿಸೆಂಬರಿನಲ್ಲಿ ಹೇಳಿತು. ಜಿನೀವಾದ ಈ ತೀರ್ಪನ್ನು ಅರ್ಥೈಸಲು ಬೇಕಾದ ಸಲಕರಣೆ ತೆಂಗುಸೀಮೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಮೊದಲೇ ಸಿದ್ಧವಿತ್ತು. ಏಕೆಂದರೆ ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ.ನಂ.ಶ್ರೀಕಂಠಯ್ಯನವರು ಆ ತಾಲ್ಲೂಕಿನ ತೀರ್ಥಪುರದವರು. ಆ ಗ್ರಂಥ ವಿವರಿಸುವ ಭರತಮುನಿಯ ರಸಸೂತ್ರದಲ್ಲಿ ವಿಭಾವವೆಂದರೆ ಭಾವವನ್ನು ಹುಟ್ಟಿಸುವ ಕಾರಣ, ಅನುಭಾವವೆಂದರೆ ಆ ಭಾವ ಮೈಮೇಲೆ ತೋರುವ ಬಗೆ. ಪ್ರಸ್ತುತ ವ್ಯಾಧಿಯಲ್ಲಿ ಅನುಭಾವ ಎದ್ದುಕಾಣುತ್ತದೆ, ವಿಭಾವಕ್ಕೆ ಸಾಕ್ಷಿಯಿಲ್ಲ, ಆದರೂ ರಸನಿಷ್ಪತ್ತಿ ಮಾತ್ರ ಆಗಿಹೋಗಿರುತ್ತದೆ. ಭರತಮುನಿಗೂ ಇಂಥ ಪ್ರಸಂಗ ಎದುರಾಗಿರಲಾರದು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಈ ವ್ಯಾಧಿಯ ಮೊದಲ ಅರ್ಜಿದಾರ ಮನುಷ್ಯನಲ್ಲ, ತೆಂಗಿನ ಮರ. ಹರಳು ಉದುರಿದರೆ, ಕಾಯಿ ಸಣ್ಣದಾದರೆ, ಗರಿ ಜೋತುಬಿದ್ದರೆ ಕೈ ಬದುವಿನಾಚೆಯ ಟವರಿನ ಕಡೆಗೆ ಏಳುತ್ತದೆ. ಈ ವಾದದ ಬಲ ಪಂಚಾಂಗದಲ್ಲಿದೆ: ಮೊಬೈಲ್ ಸೇವೆ ಭಾರತದಲ್ಲಿ ಶುರುವಾದದ್ದು 1995ರಲ್ಲಿ, ತೆಂಗಿನ ನುಸಿ ದೇಶದಲ್ಲಿ ಮೊದಲು ಕಂಡದ್ದು ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ, 1998ರಲ್ಲಿ. ಎರಡೂ ಗಾಳಿಯಲ್ಲಿ ಬರುತ್ತವೆ, ಎರಡೂ ಬರಿಗಣ್ಣಿಗೆ ಕಾಣುವುದಿಲ್ಲ. ವ್ಯತ್ಯಾಸವಿಷ್ಟೆ, ನುಸಿಯು ಎಳೆಗಾಯಿಯ ತೊಟ್ಟಿನಡಿ ಕುಳಿತು ರಸ ಹೀರುವುದನ್ನು ಭೂತಗನ್ನಡಿಯಲ್ಲಿ ನೋಡಬಹುದು. ಹಾಗೆ ನೋಡಿದವರಿಗೆ ಟವರಿನ ಮೇಲಿನ ಸಿಟ್ಟು ಅರ್ಧಕ್ಕರ್ಧ ಇಳಿದುಹೋಗುವುದರಿಂದ ಭೂತಗನ್ನಡಿಯನ್ನು ತೋಟಕ್ಕೆ ಒಯ್ಯುವ ಪದ್ಧತಿ ಬೆಳೆದಿಲ್ಲ. ಕಾಂಡ ಸೋರುವ ರೋಗ, ಅಣಬೆ ರೋಗ, ಕಪ್ಪುತಲೆ ಹುಳು, ಬತ್ತಿದ ಬೋರ್‌ವೆಲ್ ಇವು ಪೂರ್ವಪಕ್ಷಕ್ಕೆ ಸೇರಿದವಾದ್ದರಿಂದ ಇಲ್ಲಿ ವಿಸ್ತರಿಸಿಲ್ಲ.

ಮಾನ್ಯತೆಯ ವಿಷಯದಲ್ಲಿ ಪರದೇಶದ ಮೇಲ್ಪಂಕ್ತಿಗಳಿವೆ. ಸ್ವೀಡನ್ ಇದನ್ನು ರೋಗವೆನ್ನದೆ ಕಾರ್ಯಸಾಮರ್ಥ್ಯದ ಊನವೆಂದು ಗಣಿಸುತ್ತದೆ. ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯವೊಂದು 2015ರಲ್ಲಿ ಮಹಿಳೆಯೊಬ್ಬರಿಗೆ ಅಂಗವೈಕಲ್ಯ ಭತ್ಯೆಯನ್ನೇ ಕೊಡಿಸಿತು. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿದರೂ ಅದರಲ್ಲಿ ಈ ಸಂವೇದನೆಗೆ ಜಾಗವಿಲ್ಲ. 5ಜಿ ತರಂಗಗಳ ವಿರುದ್ಧ ನಟಿ ಜೂಹಿ ಚಾವ್ಲಾ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟು 2021ರಲ್ಲಿ ವಜಾಮಾಡಿ 20 ಲಕ್ಷ ರೂಪಾಯಿ ದಂಡ ಹಾಕಿತು, ಮರುವರ್ಷ ಅದು 2 ಲಕ್ಷಕ್ಕೆ ಇಳಿಯಿತು. ಆ ದಾವೆಯ ಆನ್‌ಲೈನ್ ವಿಚಾರಣೆಯ ನಡುವೆ ಯಾರೋ ನಟಿಯ ಚಿತ್ರಗೀತೆ ಹಾಡಿದ್ದು ಅಲೆಗಳ ದುಷ್ಪರಿಣಾಮಕ್ಕೆ ಸಿಕ್ಕಿರುವ ಏಕೈಕ ನ್ಯಾಯಾಲಯ ದಾಖಲೆ ಎನ್ನಬಹುದು.

ಅಲೆಯನ್ನು ಅಳೆಯುವ ಮಾರ್ಗವೂ ಇದೆ. ದೂರಸಂಪರ್ಕ ಇಲಾಖೆಯು 2012ರ ಸೆಪ್ಟೆಂಬರ್ 1ರಿಂದ ಟವರುಗಳ ಹೊಮ್ಮುವಿಕೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಿದೆ. 2017ರಲ್ಲಿ ಆರಂಭವಾದ ‘ತರಂಗ ಸಂಚಾರ್’ ಜಾಲತಾಣದಲ್ಲಿ 4,000 ರೂಪಾಯಿ ಕಟ್ಟಿದರೆ ಬೇಕಾದ ಜಾಗದಲ್ಲಿ ಅಳತೆ ಮಾಡಿಕೊಡುವ ವ್ಯವಸ್ಥೆ ಮಾಡಿದೆ. 2025ರ ಬೆಂಬಲ ಬೆಲೆಯಲ್ಲಿ, ಅಂದರೆ ಕ್ವಿಂಟಲಿಗೆ 12,100 ರೂಪಾಯಿಯಂತೆ, ಈ ಶುಲ್ಕ ಸುಮಾರು 33 ಕೆ.ಜಿ. ಉಂಡೆ ಕೊಬ್ಬರಿಗೆ ಸಮ. ಅಳತೆ ಮಿತಿಯೊಳಗಿದೆ ಎಂಬ ಕಾಗದಕ್ಕಾಗಿ ಅಷ್ಟು ಕೊಬ್ಬರಿ ಕಳೆದುಕೊಂಡ ಮೇಲೆ ಬರುವ ತಲೆನೋವನ್ನು ಅಲೆಯ ಲೆಕ್ಕಕ್ಕೆ ಬರೆಯಬೇಕೋ ಶುಲ್ಕದ ಲೆಕ್ಕಕ್ಕೋ ಎಂಬುದು ಸೂಕ್ಷ್ಮ ಪ್ರಶ್ನೆ.

ನೋಂದಣಿಯ ಶಾಸ್ತ್ರದಲ್ಲಿ ಮಾತ್ರ ಈ ಸೀಮೆಗೆ ಪಾಠ ಹೇಳಬೇಕಾದ ಅಗತ್ಯವಿಲ್ಲ. ವರ್ಷದ ಹತ್ತಿರ ಅಟ್ಟದ ಮೇಲೆ ತೆಪ್ಪಗೆ ಒಣಗಿದ ಕೊಬ್ಬರಿಗೆ ಬೆಂಬಲ ಬೆಲೆಯ ಖರೀದಿಯಲ್ಲಿ ಅಸ್ತಿತ್ವ ಬರುವುದು ಪಹಣಿ, ಫ್ರೂಟ್ಸ್ ಐಡಿ, ಆಧಾರ್, ಹೆಬ್ಬೆಟ್ಟು ಇವಿಷ್ಟೂ ಕೂಡಿದಾಗ. 2024ರಲ್ಲಿ ನಾಫೆಡ್ ಸಂಸ್ಥೆಯ ಇಂಥ ಖರೀದಿಗೆ ಮಾಡಿದ ನೋಂದಣಿ ಅಕ್ರಮದ ದೂರಿನಿಂದ ರದ್ದಾಗಿ, ರೈತರು ಮತ್ತೊಮ್ಮೆ ಸಾಲಿನಲ್ಲಿ ನಿಂತರು. ಈ ಮಾದರಿಯನ್ನೇ ಅತಿಸಂವೇದನೆಗೂ ಅನ್ವಯಿಸಬೇಕೆಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ. ಅದರಂತೆ ಅಲೆ ಸಹಿಸದವರು ಬಲವಾದ ಸಿಗ್ನಲ್ ಇರುವ ಕೇಂದ್ರಕ್ಕೆ ಬಂದು, ಕಡ್ಡಾಯವಾದ ಮೊಬೈಲ್ ಸಂಖ್ಯೆ ಕೊಟ್ಟು, ಓಟಿಪಿ ಬರುವವರೆಗೆ ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು ಕಾಯತಕ್ಕದ್ದು. ಓಟಿಪಿ ಬಂದರೆ ಅರ್ಜಿದಾರರು ಅಲೆಯನ್ನು ಸಹಿಸಿದರೆಂದಾಯಿತು, ಅರ್ಜಿ ತಿರಸ್ಕೃತ. ಬಾರದಿದ್ದರೆ ಅಲ್ಲಿ ಅಲೆಯೇ ಇರಲಿಲ್ಲವೆಂದಾಯಿತು, ಅರ್ಜಿ ಅನಗತ್ಯ.

ಪರೀಕ್ಷೆಯ ವಿಧಾನದ ಬಗೆಗೆ ಒಂದು ಮಾತು. ಒಣಗಿದ ಕಾಯನ್ನು ಕಿವಿಯ ಬಳಿ ಕುಲುಕಿ ಒಳಗೆ ಗಿಟುಕು ಬಿಟ್ಟಿದೆಯೇ ಎಂದು ತಿಳಿಯುವ ಕಲೆ ಇಲ್ಲಿ ಮನೆಮನೆಗೂ ಗೊತ್ತು, ಆದರೆ ತಲೆಗೆ ಅದು ಒಗ್ಗುವುದಿಲ್ಲ. ತಲೆನೋವಿಗೆ ಇರುವುದು ಉಭಯಾಂಧ ಪರೀಕ್ಷೆ: ಅಲೆ ಹೊಮ್ಮುತ್ತಿದೆಯೇ ಇಲ್ಲವೇ ಎಂಬುದು ಪರೀಕ್ಷೆಗೆ ಒಳಗಾದವರಿಗೂ ತಿಳಿಯದು, ಪರೀಕ್ಷಕರಿಗೂ ತಿಳಿಯದು. ಅಂಧ ಅಥವಾ ಉಭಯಾಂಧ ವಿಧಾನದ 31 ಪ್ರಯೋಗಗಳನ್ನು, 725 ಜನರನ್ನು ಒಳಗೊಂಡವನ್ನು, ಲಂಡನ್ನಿನ ಸಂಶೋಧಕರು 2005ರಲ್ಲಿ ಒಟ್ಟುಹಾಕಿ ನೋಡಿದಾಗ, ಅಲೆಯ ಇರವನ್ನು ಗುರುತಿಸುವ ವಿಶೇಷ ಶಕ್ತಿಗೆ ಗಟ್ಟಿ ಪುರಾವೆ ದೊರೆಯಲಿಲ್ಲ. ಅಲೆ ಇದೆಯೆಂದು ನಂಬಿದಾಗ ನೋವು ಮಾತ್ರ ಬರುತ್ತಿತ್ತು. ನೋವಿಗೆ ಔಷಧ ಬೇಕು, ಅದನ್ನು ಟವರಿನ ಕಂಬಕ್ಕೆ ಹಚ್ಚಿ ಫಲವಿಲ್ಲ.

ಅತಿಸಂವೇದನೆಯ ನೋಂದಣಿ ನಮೂನೆಯ ಕರಡು ಬಹುಮಟ್ಟಿಗೆ ಸಿದ್ಧವಾಗಿದ್ದು, ಒಂದು ಕಾಲಮಿನ ಬಗೆಗೆ ಮಾತ್ರ ಭಿನ್ನಾಭಿಪ್ರಾಯವಿದೆ. ತ್ರೀಫೇಸ್ ಕರೆಂಟು ಹೊತ್ತಲ್ಲದ ಹೊತ್ತಿನಲ್ಲಿ ಬರುವುದರಿಂದ, ರಾತ್ರಿ ಎದ್ದು ತೋಟಕ್ಕೆ ಹೋಗುವ ಬದಲು ಹಾಸಿಗೆಯಿಂದಲೇ ಮೋಟಾರು ಚಾಲೂ ಮಾಡಲು ಅನೇಕರು ಸಿಮ್ ಹಾಕಿದ ಸ್ಟಾರ್ಟರ್ ಇಟ್ಟುಕೊಂಡಿದ್ದಾರೆ. ಹರಳು ಉದುರಿಸುವ ಟವರನ್ನು ತೆಗೆಸಬೇಕೆಂಬ ಅರ್ಜಿಯೊಂದಿಗೆ ಆ ಸಿಮ್ಮಿನ ಸಂಖ್ಯೆಯನ್ನೂ ನಮೂದಿಸಬೇಕೆಂಬುದು ಒಂದು ಪಕ್ಷ. ಹಾಗೆ ಮಾಡಿದರೆ ಅರ್ಜಿಗಳೇ ಬರಲಾರವು ಎಂಬುದು ಇನ್ನೊಂದು ಪಕ್ಷ.